ಅಜ್ಜನ ಫೋಟೋದಲ್ಲಿರುವ ಟ್ಯಾಂಕ್ ಟಿ-55ಆ, ಟಿ-54ಆ? ಕಿಟ್ ತರಿಸುವ ಮೊದಲು ಕೇಳುತ್ತಿದ್ದೇನೆ

ಕಾವೂರು_35 · ಜುಲೈ 18, ರಾತ್ರಿ 9:52

ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುವುದು ಇದೇ ಮೊದಲು. ನನ್ನ ಅಮ್ಮನ ಅಪ್ಪ ಸೇನೆಯಲ್ಲಿ ಲಾರಿ ಡ್ರೈವರ್ ಆಗಿದ್ದವರು, 1971ರ ಯುದ್ಧದ ಹೊತ್ತಿಗೆ ಜೈಸಲ್ಮೇರ್ ಕಡೆ ಇದ್ದರು. ಅಜ್ಜಿಯ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿದೆ. ಮರಳಿನಲ್ಲಿ ಒಂದು ಟ್ಯಾಂಕ್, ಅದರ ಬಲಮಗ್ಗುಲು ಪೂರ್ತಿ ಕಾಣುತ್ತದೆ. ಮುಂದೆ ಅಜ್ಜ ಮತ್ತು ಇನ್ನಿಬ್ಬರು. ಹಿಂಬದಿಯಲ್ಲಿ ಶಾಯಿಯಿಂದ "ಜೈಸಲ್ಮೇರ್, ಡಿಸೆಂಬರ್ 71" ಎಂದು ಬರೆದಿದೆ. ಮುಖಗಳನ್ನು ಮಸುಕು ಮಾಡಿ ಸ್ಕ್ಯಾನ್ ಹಾಕಿದ್ದೇನೆ.

ಮನೆಯಲ್ಲಿ ಎಲ್ಲರೂ ಇದನ್ನು "ಅಜ್ಜನ ಟ್ಯಾಂಕ್" ಅನ್ನುತ್ತಾರೆ. ಲಾರಿ ಓಡಿಸಿದವರಿಗೆ ಟ್ಯಾಂಕ್ ಎಲ್ಲಿಂದ ಬಂತು ಅಂತ ಯಾರೂ ಕೇಳಿದ್ದಿಲ್ಲ.

1/35ರಲ್ಲಿ, ಅಂದರೆ ನಿಜದ 35ರಲ್ಲಿ ಒಂದು ಪಾಲು ಗಾತ್ರದ ಪ್ಲಾಸ್ಟಿಕ್ ಮಾಡೆಲ್ ಆಗಿ, ಇದನ್ನು ಮಾಡಬೇಕು ಅಂತ ಆಸೆ. ಆಗ ನಮ್ಮ ಸೇನೆಯಲ್ಲಿ ರಷ್ಯಾದ ಟಿ-55 ಇತ್ತು ಅಂತ ಓದಿದ್ದೇನೆ, ಹಾಗಾಗಿ ತಾಮಿಯಾ ಕಂಪನಿಯ ಟಿ-55ಎ ಕಿಟ್ ಕಾರ್ಟಿಗೆ ಹಾಕಿ ಇಟ್ಟಿದ್ದೇನೆ. ಹಣ ಕಟ್ಟುವ ಮೊದಲು ಗೊತ್ತಿದ್ದವರು ಒಮ್ಮೆ ನೋಡಿ ಹೇಳಬಹುದಾ?

ಹಂಪನಕಟ್ಟೆ_ಹಿರಿಯ · ಜುಲೈ 18, ರಾತ್ರಿ 10:31

ಕಾರ್ಟಿನಿಂದ ತೆಗೆಯಿರಿ ಮಾರಾಯ್ರೆ, ಅದು ಟಿ-55 ಅಲ್ಲ.

ಫೋಟೋ ದೊಡ್ಡದು ಮಾಡಿ ಟರೆಟ್ಟಿನ (ತೋಪು ಇರುವ, ತಿರುಗುವ ಮೇಲ್ಭಾಗ) ಬಲಭಾಗ ನೋಡಿ. ಗುಂಡು ತುಂಬುವ ಲೋಡರ್‌ನ ಹ್ಯಾಚಿನ ಮುಂದೆ ಗುಂಡಗೆ ಉಬ್ಬಿದ ಒಂದು ಮುಚ್ಚಳ ಉಂಟು. ಅದು ಗಾಳಿ ಎಳೆಯುವ ವೆಂಟಿಲೇಟರ್. ಟಿ-54ರಲ್ಲಿ ಇರುತ್ತದೆ, 1958ರಲ್ಲಿ ಟಿ-55 ಮಾಡುವಾಗ ತೆಗೆದುಬಿಟ್ಟರು. ದೂರದ ಫೋಟೋದಲ್ಲಿ ಎರಡನ್ನೂ ಬೇರೆ ಮಾಡಲಿಕ್ಕೆ ಇದಕ್ಕಿಂತ ಸುಲಭದ ಗುರುತು ಇಲ್ಲ. ಉಳಿದ ದೊಡ್ಡ ಬದಲಾವಣೆಗಳೆಲ್ಲ ಒಳಗೆ: 520 ಅಶ್ವಶಕ್ತಿಯ ಎಂಜಿನ್ 580 ಆಯಿತು, ಗುಂಡುಗಳು 34ರಿಂದ 43ಕ್ಕೆ ಏರಿದವು. ಅದೆಲ್ಲ ಫೋಟೋದಲ್ಲಿ ಸಿಗುವ ವಿಷಯ ಅಲ್ಲ.

ಐದು ರೋಡ್ ವೀಲುಗಳಲ್ಲಿ (ಟ್ರ್ಯಾಕಿನ ಸರಪಳಿಯ ಮೇಲೆ ಉರುಳುವ ಚಕ್ರಗಳು) ಮೊದಲನೆಯದು ಮತ್ತು ಎರಡನೆಯದರ ನಡುವೆ ಮಾತ್ರ ಜಾಗ ಹೆಚ್ಚು ಬಿಟ್ಟಿದೆ, ಹಾಗಾಗಿ ಆಮೇಲೆ ಬಂದ ಟಿ-62 ಕೂಡ ಅಲ್ಲ. ಅದರಲ್ಲಿ ಜಾಗ ಹಿಂದಿನ ಚಕ್ರಗಳ ನಡುವೆ.

ಕುಂದಾಪ್ರ_ಕತ್ರಿ · ಜುಲೈ 18, ರಾತ್ರಿ 11:05

ಹ್ವಾಯ್, ಟಿ-54 ಅಂದ್ರೆ ಒಂದೇ ಅಲ್ದಾ? ಅಂಗಡಿಲಿ ಕಂಡ್ರೆ ಟಿ-54-1, ಟಿ-54-2, ಟಿ-54-3, ಮತ್ತೆ ಎ, ಬಿ ಅಂತ ಐದ್ ಡಬ್ಬಿ ಇತ್ತ್. ದುಡ್ಡ್ ಮಾಡುಕೆ ಒಂದನ್ನೇ ಐದ್ ಸಲ ಮಾರ್ತ್ರಾ ಹ್ಯಾಂಗೆ? ಗೊತ್ತಿದ್ದವ್ರ್ ಹೇಳಿ ಕಾಂಬ.

ಹಂಪನಕಟ್ಟೆ_ಹಿರಿಯ · ಜುಲೈ 19, ಬೆಳಿಗ್ಗೆ 6:40

ಮಾರುವವರು ಮಾರುತ್ತಾರೆ, ಆದರೆ ಐದೂ ನಿಜವಾಗಿ ಬೇರೆ ಬೇರೆ. ಮಳೆಗೆ ವಾಕಿಂಗ್ ತಪ್ಪಿದೆ, ಆದ್ದರಿಂದ ಉದ್ದ ಬರೆಯುತ್ತೇನೆ.

ಮೊದಲನೆಯದು, ಅಂದರೆ 1946-47ರ ಟಿ-54-1, ನೋಡಿದರೆ ಎರಡನೇ ಮಹಾಯುದ್ಧದ ಟಿ-34ರ ದೊಡ್ಡ ಅಣ್ಣನ ಹಾಗೆ ಇದೆ. ಟರೆಟ್ಟಿನ ಬುಡ ಸುತ್ತಲೂ ಒಳಕ್ಕೆ ಕೊರೆದ ಹಾಗೆ. ಅಲ್ಲಿಗೆ ಗುಂಡು ಬಡಿದರೆ ಮೇಲಕ್ಕೆ ಹಾರುವ ಬದಲು ಕೆಳಕ್ಕೆ ತಿರುಗಿ ಹಲ್‌ನ (ಟ್ಯಾಂಕಿನ ಕೆಳಮೈ) ತೆಳು ಮಾಡಿಗೆ ಬೀಳುತ್ತದೆ. ಟ್ರ್ಯಾಕ್ ಮೇಲಿನ ಎರಡು ಫೆಂಡರುಗಳ ಮೇಲೂ ಪೆಟ್ಟಿಗೆಯೊಳಗೆ ಒಂದೊಂದು ಮೆಷಿನ್‌ಗನ್, ಟ್ರ್ಯಾಕ್ ಅಗಲ 500 ಮಿ.ಮೀ. ಮಾತ್ರ. ತೊಂದರೆಗಳು ಕಾಣಿಸಿಕೊಂಡು ಉತ್ಪಾದನೆ ನಿಲ್ಲಿಸಿ ತಿದ್ದಿದರು. 1949ರ ಟಿ-54-2ರಲ್ಲಿ ಟರೆಟ್ಟಿನ ಮುಂದುಗಡೆ ಮತ್ತು ಮಗ್ಗುಲು ನೇರವಾಯಿತು, ಹಿಂಬದಿಯಲ್ಲಿ ಮಾತ್ರ ಆ ಕೊರೆತ ಉಳಿಯಿತು. ಫೆಂಡರಿನ ಪೆಟ್ಟಿಗೆಗಳು ಹೋದವು, ಬದಲಿಗೆ ಡ್ರೈವರ್ ಹೊಡೆಯುವ ಒಂದು ಗನ್ ಹಲ್‌ನ ಮುಂದಿನ ತಟ್ಟೆಯ ನಡುವಿನ ಸಣ್ಣ ತೂತಿಗೆ ಬಂತು. ಟ್ರ್ಯಾಕ್ 580 ಮಿ.ಮೀ. ಆಯಿತು. 1951ರ ಟಿ-54-3ರಲ್ಲಿ ಹಿಂದಿನ ಕೊರೆತವೂ ಹೋಗಿ, ನಾವೆಲ್ಲ ಟಿ-54 ಅಂದ ಕೂಡಲೇ ನೆನಪು ಮಾಡಿಕೊಳ್ಳುವ ಅರ್ಧಗೋಲದ ಟರೆಟ್ ಬಂತು.

ಇಲ್ಲಿಯವರೆಗೆ ಬ್ಯಾರಲ್ ತುದಿ ಬೋಳು. 1955ರ ಟಿ-54ಎಯಲ್ಲಿ ತೋಪು ಮೇಲೆ ಕೆಳಗೆ ಅಲುಗದ ಹಾಗೆ ಸ್ಟೆಬಿಲೈಸರ್ ಹಾಕಿದರು. ಅದರ ತುದಿಗೆ ಮೊದಲು ಒಂದು ಸಣ್ಣ ತೂಕದ ಬಳೆ, ಆಮೇಲೆ ಹೊಗೆ ಹೊರಹಾಕುವ ದಪ್ಪ ಕೊಳವೆ. 1957ರ ಟಿ-54ಬಿಗೆ ಅಡ್ಡಕ್ಕೂ ಸ್ಟೆಬಿಲೈಸರ್, ತೋಪಿನ ಬಲಕ್ಕೆ ಇನ್‌ಫ್ರಾರೆಡ್ ಸರ್ಚ್‌ಲೈಟ್.

ಈಗ ಕಾವೂರಿನವರ ಫೋಟೋಕ್ಕೆ ಬನ್ನಿ. ಬ್ಯಾರಲ್ ತುದಿಯಲ್ಲಿ ದಪ್ಪ ಕೊಳವೆ ಇದೆ, ಸರ್ಚ್‌ಲೈಟ್ ಇಲ್ಲ, ವೆಂಟಿಲೇಟರ್ ಇದೆ. ಟಿ-54ಎ ಎಂದು ಬರೆದು ಕೆಳಗೆ ಒಂದು ಗೆರೆ ಎಳೆಯಿರಿ. ಆದರೆ ಅಲ್ಲಿಗೆ ಮುಗಿಯಲಿಲ್ಲ, ರಾತ್ರಿ ಬರೆಯುತ್ತೇನೆ.

ಬಿಜೈ_ಬ್ರಷ್ · ಜುಲೈ 19, ಬೆಳಿಗ್ಗೆ 8:15

ಹಿರಿಯರ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿ 1, 2, 3, ಎ, ಬಿ ಅಂತ ಸರಿಯಾಗಿ ಕಾಲದ ಪ್ರಕಾರ ಬಂತು, ಎಲ್ಲ ಟ್ಯಾಂಕಿಗೂ ಹೀಗೇ ಅಂತ ನಂಬಬೇಡಿ. ಅಮೆರಿಕದ ಶೆರ್ಮನ್ ಟ್ಯಾಂಕಿನಲ್ಲಿ ಎಂ4ಎ1 ಕಾರ್ಖಾನೆಯಿಂದ ಹೊರಬಂದದ್ದು 1942ರ ಫೆಬ್ರವರಿಯಲ್ಲಿ, ಬರೀ ಎಂ4 ಬಂದದ್ದು ಅದೇ ವರ್ಷ ಜುಲೈಯಲ್ಲಿ. ಅಲ್ಲಿನ ಅಂಕೆ ಎಂಜಿನ್ ಯಾವುದು, ಹಲ್ ಎರಕದ್ದಾ ಬೆಸುಗೆಯದ್ದಾ ಅನ್ನುವುದನ್ನು ಹೇಳುತ್ತದೆ. ಜರ್ಮನರ ಪ್ಯಾಂಥರ್ ಇನ್ನೂ ತಮಾಷೆ: ಮೊದಲು ಡಿ, ಆಮೇಲೆ ಎ, ಕೊನೆಗೆ ಜಿ. ಡಬ್ಬಿಯ ಮೇಲೆ "ಆರಂಭದ ಮಾದರಿ" ಅಂತ ಇದ್ದರೆ, ಯಾವುದರ ಆರಂಭ ಅಂತ ಕೇಳಬೇಕು.

ಸುರತ್ಕಲ್_ಸುಮ್ನೆ · ಜುಲೈ 19, ಮಧ್ಯಾಹ್ನ 1:20

ಇದೆಲ್ಲ ಎಂಥ ಮಾರಾಯ್ರೆ. ಆ ವೆಂಟಿಲೇಟರ್ 1/35ರಲ್ಲಿ ಎಳ್ಳುಂಡೆಯ ಅರ್ಧ ಗಾತ್ರ ಇಲ್ಲ. ಮನೆಗೆ ಬಂದ ಯಾವ ನೆಂಟರು ಅದನ್ನು ಎಣಿಸುತ್ತಾರೆ? ಟಿ-55ಎ ತಂದು ಹಸಿರು ಬಳಿದು ಕಪಾಟಿನಲ್ಲಿ ಇಡಿ. ಸಂಶೋಧನೆ ಮಾಡ್ತಾ ಕೂತರೆ ಕಿಟ್ ಕಟ್ಟುವುದು ಯಾವಾಗ? ನನಗೆ ಗೊತ್ತಿರುವ ಒಬ್ಬರು ಹೀಗೆ ಓದಿ ಓದಿ ಒಂದು ಟೈಗರ್ ಇನ್ನೂ ಡಬ್ಬಿಯಿಂದ ಹೊರಗೆ ತೆಗೆದಿಲ್ಲ.

ಕಟಪಾಡಿ_ಅಕ್ಕ · ಜುಲೈ 19, ಮಧ್ಯಾಹ್ನ 2:04

ಸುಮ್ನೆ ಅವರೇ, ನೆಂಟರಿಗಾಗಿ ಮಾಡುವ ಮಾಡೆಲ್ ಆದರೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಇವರು ಒಂದು ಫೋಟೋ ಎದುರಿಗಿಟ್ಟು ಕೇಳುತ್ತಿದ್ದಾರೆ. ಪಕ್ಕದಲ್ಲಿ ಫೋಟೋಕ್ಕೆ ಚೌಕಟ್ಟು ಹಾಕಿ ಇಟ್ಟ ಮೇಲೆ ಅಜ್ಜಿಯೇ ಮೊದಲು ಕೇಳುವುದು, "ಇದರಲ್ಲಿ ಆ ಗುಂಡು ಮುಚ್ಚಳ ಎಲ್ಲಿ?" ಅಂತ.

ಮಣಿಪಾಲ_ಮಿಮೀ · ಜುಲೈ 19, ಸಂಜೆ 6:48

ಫೋಟೋ ಹೆಚ್ಚುಕಡಿಮೆ ನೇರ ಮಗ್ಗುಲಿನಿಂದ ತೆಗೆದದ್ದು, ಐದು ಚಕ್ರಗಳೂ ಕಾಣುತ್ತವೆ. ಹಾಗಾಗಿ ಅಳತೆ ಹಾಕಲು ಕೂತೆ.

ಟಿ-54ರ ರೋಡ್ ವೀಲ್ ವ್ಯಾಸ 810 ಮಿ.ಮೀ. ನೆಲಕ್ಕೆ ತಾಗುವ ಟ್ರ್ಯಾಕಿನ ಉದ್ದ 3,840 ಮಿ.ಮೀ., ಅಂದರೆ ಮೊದಲ ಚಕ್ರದ ನಡುವಿನಿಂದ ಐದನೆಯದರ ನಡುವಿಗೆ ಹೆಚ್ಚುಕಡಿಮೆ ಅಷ್ಟೇ. ಇವೆರಡರ ಅನುಪಾತ 0.21. ಫೋಟೋ ಎಷ್ಟು ದೊಡ್ಡದಿದ್ದರೂ ಸಣ್ಣದಿದ್ದರೂ ಈ ಅನುಪಾತ ಬದಲಾಗಬಾರದು. ಚಕ್ರಗಳೆಲ್ಲ ಒಂದೇ ಸಾಲಿನಲ್ಲಿ ಇರುವುದರಿಂದ ಕ್ಯಾಮೆರಾ ಸ್ವಲ್ಪ ಓರೆಯಾದರೂ ದೊಡ್ಡ ವ್ಯತ್ಯಾಸ ಬರುವುದಿಲ್ಲ. ವ್ಯಾಸವನ್ನು ಅಡ್ಡಕ್ಕೆ ಅಳೆದೆ, ಕೆಳಗೆ ಮರಳು ಮುಚ್ಚಿದೆ.

ನನಗೆ ಸಿಕ್ಕಿದ್ದು 0.19. ಅಂದರೆ ಈ ಚಕ್ರಗಳು 730 ಮಿ.ಮೀ. ಆಸುಪಾಸು. ಐದೂ ಹಾಗೇ. ಸ್ಕ್ಯಾನ್ ಹಿಗ್ಗಿದೆಯಾ ಅಂತ ನೋಡಲು ಫೋಟೋದ ಅಂಚಿನ ಚೌಕವನ್ನೂ ಅಳೆದೆ, ಅದು ಸರಿ ಇದೆ. ಇಷ್ಟು ಸಣ್ಣ ಚಕ್ರದ ಟಿ-54 ಇದೆಯಾ?

ಹಂಪನಕಟ್ಟೆ_ಹಿರಿಯ · ಜುಲೈ 19, ರಾತ್ರಿ 9:10

ಇಲ್ಲ. ಚಕ್ರ ಸಣ್ಣದಲ್ಲ, ಮೇಲಿನ ರಬ್ಬರ್ ಇಲ್ಲ!

ಶಾಭಾಸ್ ತಮ್ಮಾ, ನಾನು ರಾತ್ರಿ ಹೇಳಬೇಕೆಂದಿದ್ದ ವಿಷಯಕ್ಕೆ ನೀನು ಲೆಕ್ಕದಿಂದ ಬಂದು ಮುಟ್ಟಿದೆ. 810 ಎನ್ನುವುದು ಉಕ್ಕಿನ ಡಿಸ್ಕಿನ ಸುತ್ತ ರಬ್ಬರ್ ಟಯರ್ ಸೇರಿಸಿ. ಟ್ಯಾಂಕ್ ಹೊತ್ತಿ ಉರಿದರೆ ಮೊದಲು ಹೋಗುವುದು ಆ ರಬ್ಬರ್. ಈಗ ಫೋಟೋವನ್ನು ಮತ್ತೆ ನೋಡಿ. ಎರಡು, ಮೂರು, ನಾಲ್ಕನೇ ಚಕ್ರಗಳ ನಡುವೆ ಬೆರಳು ತೂರದ ಹಾಗೆ ಇರಬೇಕಾದ ಸಂದು ಇಲ್ಲಿ ಅಗಲವಾಗಿ ತೆರೆದಿದೆ. ಟ್ಯಾಂಕ್ ಬಲಕ್ಕೆ ಸ್ವಲ್ಪ ಕೂತ ಹಾಗೆ ಇದೆ, ಯಾಕೆಂದರೆ ಬೆಂಕಿಯ ಕಾವಿಗೆ ಟಾರ್ಷನ್ ಬಾರ್ (ಚಕ್ರಗಳಿಗೆ ಸ್ಪ್ರಿಂಗಿನ ಕೆಲಸ ಮಾಡುವ ಸಲಾಕೆ) ಉಕ್ಕಿನ ಹದ ಕಳೆದುಕೊಳ್ಳುತ್ತದೆ. ಎಂಜಿನ್ ಕಡೆಯ ಮಗ್ಗುಲು ತಿಳಿ ಬಣ್ಣದಲ್ಲಿ ಕಾಣುವುದು ಬಿಸಿಲಿಗಲ್ಲ, ಪೇಂಟ್ ಸುಟ್ಟು ಹೋಗಿದೆ.

1971ರಲ್ಲಿ ನಮ್ಮಲ್ಲೂ ಟಿ-54 ಇತ್ತು, ಹಾಗಾಗಿ ಮಾದರಿ ಒಂದನ್ನೇ ಹಿಡಿದು ಇದು ಯಾರದ್ದು ಅಂತ ಹೇಳಲಿಕ್ಕೆ ಬರುವುದಿಲ್ಲ. ಆದರೆ ಡಿಸೆಂಬರ್ 71, ಜೈಸಲ್ಮೇರ್, ಸುಟ್ಟ ಟ್ಯಾಂಕ್, ಅದರ ಮುಂದೆ ನಗುತ್ತಾ ನಿಂತ ನಮ್ಮ ಜವಾನರು. ಡಿಸೆಂಬರ್ 4-5ರ ರಾತ್ರಿ ಲೊಂಗೆವಾಲಾ ಠಾಣೆಯ ಮೇಲೆ ಬಂದ ಪಾಕಿಸ್ತಾನದ 22 ಕ್ಯಾವಲ್ರಿ ಎಂಬ ಟ್ಯಾಂಕ್ ರೆಜಿಮೆಂಟ್ ಹತ್ತಿರ ಇದ್ದದ್ದು ಚೀನಾದ ಟಿ-59, ಅಂದರೆ ಟೈಪ್ 59. ಜೊತೆಗೆ ಬಂದ 38 ಕ್ಯಾವಲ್ರಿಯದ್ದು ಶೆರ್ಮನ್. ಠಾಣೆಯಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ 23 ಪಂಜಾಬ್‌ನ ಒಂದು ಕಂಪನಿ. ಬೆಳಗಾದ ಮೇಲೆ ಜೈಸಲ್ಮೇರ್‌ನಿಂದ ನಮ್ಮ ವಾಯುಸೇನೆಯ ಹಂಟರ್ ವಿಮಾನಗಳು ಬಂದು ರಾಕೆಟ್ ಮತ್ತು 30 ಮಿ.ಮೀ. ತೋಪಿನಿಂದ ಹೊಡೆದವು. ದೂರದ ದಾರಿಗೆಂದು ಆ ಟ್ಯಾಂಕುಗಳ ಮೇಲೆ ಹೆಚ್ಚುವರಿ ಇಂಧನದ ಡ್ರಮ್ಮುಗಳನ್ನು ಕಟ್ಟಿದ್ದರು. ಅವು ಹೇಗೆ ಉರಿದಿರಬಹುದು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಟೈಪ್ 59 ಎಂದರೆ ರಷ್ಯಾ ಕೊಟ್ಟ ಟಿ-54ಎ ನಕ್ಷೆಯಿಂದ ಚೀನಾದ ಬಾವೊಟೌ ಕಾರ್ಖಾನೆಯಲ್ಲಿ ಮಾಡಿದ್ದು. ಆರಂಭದವುಗಳನ್ನು ಹೊರಗಿನಿಂದ ನೋಡಿ ಟಿ-54ಎಯಿಂದ ಬೇರೆ ಮಾಡುವುದು ಕಷ್ಟ. 1965ರ ಯುದ್ಧದ ಸಮಯ ಅಮೆರಿಕ ಶಸ್ತ್ರಾಸ್ತ್ರ ನಿಲ್ಲಿಸಿದ ನಂತರ ಪಾಕಿಸ್ತಾನಕ್ಕೆ ಇವು ದೊಡ್ಡ ಸಂಖ್ಯೆಯಲ್ಲಿ ಬಂದವು.

ಅಜ್ಜ ನಿಂತದ್ದು ತಮ್ಮ ಟ್ಯಾಂಕಿನ ಮುಂದೆ ಅಲ್ಲ, ಎದುರು ಕಡೆಯವರ ಟ್ಯಾಂಕಿನ ಮುಂದೆ.

ಕುಂದಾಪ್ರ_ಕತ್ರಿ · ಜುಲೈ 19, ರಾತ್ರಿ 9:26

ಅಯ್ಯಬ್ಬಾ! ಟಯರ್ ಇಲ್ದೇ ಇಪ್ಪುದ್ರಿಂದ ಯುದ್ಧವೇ ಹೊರಗ್ ಬಂತ್ ಅಲ್ದಾ.

ಸುರತ್ಕಲ್_ಸುಮ್ನೆ · ಜುಲೈ 19, ರಾತ್ರಿ 9:40

ಸರಿ, ಇದಕ್ಕೆ ನಾನು ಏನೂ ಹೇಳುವುದಿಲ್ಲ. ಆದರೆ ಟೈಗರಿನವರ ವಿಷಯದಲ್ಲಿ ನನ್ನ ಮಾತು ಹಾಗೇ ಇದೆ.

ದೇರೆಬೈಲ್_ಡೆಕಾಲ್ · ಜುಲೈ 20, ಬೆಳಿಗ್ಗೆ 7:33

ಸ್ಮಾರಕಗಳಲ್ಲಿ ಟಿ-55 ನಿಲ್ಲಿಸಿರುತ್ತಾರಲ್ಲ, ಹತ್ತಿರದ ಒಂದಕ್ಕೆ ಹೋಗಿ ಟೇಪ್ ಹಿಡಿದು ಅಳೆದು ಬಂದರೆ ಆಗುವುದಿಲ್ಲವಾ? ಹಲ್, ಚಕ್ರ ಎಲ್ಲ ಒಂದೇ ಅಲ್ಲವಾ?

ಹಂಪನಕಟ್ಟೆ_ಹಿರಿಯ · ಜುಲೈ 20, ಬೆಳಿಗ್ಗೆ 8:02

ಹೋಗಿ, ಆದರೆ ಏನನ್ನು ನೋಡಬೇಕು, ಏನನ್ನು ನೋಡಬಾರದು ಅಂತ ಗೊತ್ತಿಟ್ಟು ಹೋಗಿ. ನಮ್ಮ ಟಿ-55ಗಳಿಗೆ ಆಮೇಲೆ 100 ಮಿ.ಮೀ. ತೋಪು ತೆಗೆದು 105 ಮಿ.ಮೀ. ಎಲ್7 ಹಾಕಿದ್ದಾರೆ. ಹೊಗೆಯ ದಪ್ಪ ಕೊಳವೆ ಬ್ಯಾರಲ್ ತುದಿಯಲ್ಲಿದ್ದರೆ ಹಳೆಯ ರಷ್ಯನ್ ತೋಪು, ನಡುಭಾಗದಲ್ಲಿದ್ದರೆ 105. ನಡುವಿನಲ್ಲಿರುವುದನ್ನು ನೋಡಿ 1971ರ ಮಾಡೆಲ್ ಮಾಡಬೇಡಿ. ಬಣ್ಣವನ್ನಂತೂ ನೋಡಲೇಬೇಡಿ, ಅದು ಪ್ರತಿ ಸಲ ಗಣ್ಯರು ಬರುವ ಮೊದಲು ಬಳಿದ ಹೊಳೆಯುವ ಎನಾಮೆಲ್. ಟ್ರ್ಯಾಕೂ ಬದಲಾಗಿರಬಹುದು. ಹಳೆಯ ನಮೂನೆಯದ್ದಕ್ಕೆ 13 ಹಲ್ಲಿನ ಸ್ಪ್ರಾಕೆಟ್ (ಟ್ರ್ಯಾಕ್ ಎಳೆಯುವ ಹಿಂದಿನ ಹಲ್ಲುಚಕ್ರ), ಆಮೇಲೆ ಬಂದ ರಬ್ಬರ್ ಬುಶ್ ಇರುವ ಟ್ರ್ಯಾಕಿಗೆ 14 ಹಲ್ಲಿನದ್ದು. ಅದರ ಹಲ್ಲು ಎಣಿಸಿ ನೋಡಿ.

ನೋಡಬೇಕಾದದ್ದು ಟರೆಟ್ಟಿನ ಮೈ. ಎರಕದ ಒರಟು, ಅಚ್ಚಿನ ಎರಡು ಭಾಗ ಸೇರಿದ ಗೆರೆ, ಮೇಲಿನ ತಟ್ಟೆ ಬೆಸೆದ ಸಾಲು, ಇವನ್ನೆಲ್ಲ ಫೋನಿನಲ್ಲಿ ಹತ್ತಿರದಿಂದ ಓರೆ ಬಿಸಿಲಿಗೆ ಹಿಡಿಯಿರಿ. ಕಿಟ್ ಎಷ್ಟು ಒಳ್ಳೆಯದಿದ್ದರೂ ಟರೆಟ್ ಮಾತ್ರ ಸೋಪಿನ ಹಾಗೆ ನುಣುಪು ಬರುತ್ತದೆ. ದಪ್ಪ ಸರ್ಫೇಸರ್ (ಪೇಂಟಿನ ಮೊದಲು ಬಳಿಯುವ ಪ್ರೈಮರ್) ಬಳಿದು, ಒಣಗುವ ಮುಂಚೆ ಗಡುಸು ಬ್ರಷ್ಷಿನಿಂದ ಕುಟ್ಟಬೇಕು.

ಅಹ್ಮದ್‌ನಗರದ (ಈಗ ಅಹಿಲ್ಯಾನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂಗೆ ಒಮ್ಮೆ ಹೋಗಿಬನ್ನಿ, ಮಟಿಲ್ಡಾ, ವ್ಯಾಲೆಂಟೈನ್‌ನಿಂದ ಪ್ಯಾಟನ್‌ವರೆಗೆ ಅಂಗಳದಲ್ಲೇ ಸಾಲು ನಿಂತಿವೆ. ಬಣ್ಣದ ವಿಷಯದಲ್ಲಿ ಅಲ್ಲಿಗೂ ಇದೇ ಮಾತು.

ಕಟಪಾಡಿ_ಅಕ್ಕ · ಜುಲೈ 20, ಬೆಳಿಗ್ಗೆ 11:17

ಕಾವೂರಿನವರೇ, ಸುಟ್ಟ ಟ್ಯಾಂಕನ್ನೇ ಮಾಡುವುದಾದರೆ ಕೆಲಸದ ವಿಷಯ ಹೇಳುತ್ತೇನೆ.

ಕಿಟ್: ಮಿನಿಆರ್ಟ್‌ನವರ ಆರಂಭದ ಟೈಪ್ 59 ಸಿಕ್ಕಿದರೆ ಅದೇ ತಗೊಳ್ಳಿ, ಇಲ್ಲದಿದ್ದರೆ ಅವರದ್ದೇ ಟಿ-54ಎ. ಒಳಭಾಗ ಪೂರ್ತಿ ಇರುವ ದೊಡ್ಡ ಡಬ್ಬಿಗೆ ಹಣ ಹಾಕಬೇಡಿ. ನಿಮ್ಮ ಫೋಟೋದಲ್ಲಿ ಹ್ಯಾಚ್ ಒಂದೇ ತೆರೆದಿರುವುದು, ಅದರೊಳಗೆ ಕತ್ತಲೆ.

ಚಕ್ರ: 1/35ರಲ್ಲಿ 810 ಅಂದರೆ 23.1 ಮಿ.ಮೀ. ಮಣಿಪಾಲದ ತಮ್ಮ ಹೇಳಿದ 730 ಅಂದರೆ 20.9. ಅಂದರೆ ಸುತ್ತಲೂ 1.1 ಮಿ.ಮೀ. ಉಜ್ಜಿ ತೆಗೆಯಬೇಕು. ಡ್ರಿಲ್ಲಿಗೆ ಸಿಕ್ಕಿಸಿ ನಿಧಾನಕ್ಕೆ ತಿರುಗಿಸುತ್ತಾ ಮರಳು ಕಾಗದ ಹಿಡಿದರೆ ಗುಂಡಗೆ ಬರುತ್ತದೆ. ಜೋರಾಗಿ ತಿರುಗಿಸಿದರೆ ಪ್ಲಾಸ್ಟಿಕ್ ಕರಗಿ ಅಂಟುತ್ತದೆ. ಉಕ್ಕಿನ ಬಳೆಯ ಅಂಚು ಚೂಪಾಗಿ ಉಳಿಯಬೇಕು, ರಬ್ಬರ್ ಇದ್ದ ಜಾಗಕ್ಕೆ ಅಲ್ಲಲ್ಲಿ ಬೂದಿ.

ಬಣ್ಣ: ಸುಟ್ಟದ್ದು ಅಂದ ಕೂಡಲೇ ಎಲ್ಲರೂ ಕಪ್ಪು ಬಳಿಯುತ್ತಾರೆ. ಕಪ್ಪು ಮಸಿ ಹ್ಯಾಚ್ ಮತ್ತು ಎಂಜಿನ್ ಜಾಲರಿಯ ಬಾಯಲ್ಲಿ ಮಾತ್ರ ಸಾಕು. ಕಾವು ಹೆಚ್ಚಿದ್ದಲ್ಲಿ ಪೇಂಟ್ ಪೂರ್ತಿ ಹೋಗಿ ಬೂದು ಬಿಳುಪು, ಬೇಗ ಕಿತ್ತಳೆ ತುಕ್ಕು. ಹಳೆ ಹಡಗಿನ ಕಂದು ತುಕ್ಕು ಅಲ್ಲ. ಮಲ್ಪೆ ಧಕ್ಕೆಯಲ್ಲಿ ನೋಡಿ ನೋಡಿ ನಮಗೆಲ್ಲ ಕೈ ತಾನಾಗಿ ಆ ಕಂದಿಗೇ ಹೋಗುತ್ತದೆ. ಉಳಿದ ಪೇಂಟ್ ಯಾವ ಬಣ್ಣ ಎನ್ನುವುದನ್ನು ಕಪ್ಪು ಬಿಳುಪು ಫೋಟೋದಿಂದ ತೆಗೆಯಲು ಹೋಗಬೇಡಿ. ಆ ಬೂದು ಹಸಿರೂ ಆಗಬಹುದು, ಮಣ್ಣಿನ ಬಣ್ಣವೂ ಆಗಬಹುದು.

ಬಿಜೈ_ಬ್ರಷ್ · ಜುಲೈ 20, ಮಧ್ಯಾಹ್ನ 12:50

ಈಗಂತೂ ಏನೂ ಸ್ಪ್ರೇ ಮಾಡಬೇಡಿ, ಆಟಿ ತಿಂಗಳ ಮಳೆ ಕಳೆಯಲಿ. ಲ್ಯಾಕರ್ ಹೊಡೆದರೆ ಥಿನ್ನರ್ ಆರುವಾಗ ಮೈ ತಂಪಾಗಿ ಗಾಳಿಯ ತೇವ ಅದರ ಮೇಲೇ ಕೂರುತ್ತದೆ, ಬಿಳಿ ಮಬ್ಬು ಕಟ್ಟುತ್ತದೆ. ನಿಧಾನಕ್ಕೆ ಆರುವಂತೆ ರಿಟಾರ್ಡರ್ ಹಾಕಿದ ಥಿನ್ನರ್ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಹೊರಗೆ ಹೀಗೆ ಸುರಿಯುವಾಗ ಅಲ್ಲ. ಡೆಕಾಲ್ ಹಾಳೆಯನ್ನು (ಮಾಡೆಲ್ ಮೇಲೆ ಅಂಟಿಸುವ ಗುರುತುಗಳು) ಸಿಲಿಕಾ ಜೆಲ್ ಜೊತೆ ಜಿಪ್ ಕವರಿನಲ್ಲಿ ಇಡಿ.

ದೇರೆಬೈಲ್_ಡೆಕಾಲ್ · ಜುಲೈ 20, ಮಧ್ಯಾಹ್ನ 1:08

ನಮ್ಮಲ್ಲಿ ಕಪಾಟಿನೊಳಗೆ ಒಂದು ಹಳೆಯ ಬಲ್ಬ್ ಉರಿಸಿ ಇಡುವುದು. ಅಮ್ಮ ಅದರಲ್ಲಿ ಹಪ್ಪಳ ಇಡುತ್ತಾರೆ, ನಾನು ಟ್ಯಾಂಕ್ ಇಡುತ್ತೇನೆ.

ಕಾವೂರು_35 · ಜುಲೈ 21, ರಾತ್ರಿ 8:55

ಎರಡು ದಿನ ಉತ್ತರ ಬರೆಯಲಿಲ್ಲ, ಅಜ್ಜಿಯ ಮನೆಗೆ ಹೋಗಿದ್ದೆ. ಟಿ-55ಎ ಕಾರ್ಟಿನಿಂದ ತೆಗೆದೆ.

ಟ್ಯಾಂಕ್ ಸುಟ್ಟದ್ದಾ ಅಂತ ಅಜ್ಜಿಯ ಹತ್ತಿರ ಕೇಳಿದೆ. "ಹೌದು, ವಾಸನೆ ಬರ್ತಿತ್ತಂತೆ, ಅದರ ಹತ್ತಿರ ಊಟ ಸೇರ್ಲಿಲ್ಲ ಅಂತ ಹೇಳ್ತಿದ್ರು" ಅಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, "ನೀವು ಯಾರು ಕೇಳಿದ್ದು?" ಅಂತ ನನಗೇ ತಿರುಗಿಸಿದರು. ಅಜ್ಜ ಅಲ್ಲಿಗೆ ನೀರಿನ ಟ್ಯಾಂಕರ್ ತೆಗೆದುಕೊಂಡು ಹೋದದ್ದಂತೆ. ಟ್ರಂಕಿನ ತಳದಲ್ಲಿ ಇನ್ನೊಂದು ಫೋಟೋ ಸಿಕ್ಕಿತು, ಅದೇ ಟ್ಯಾಂಕ್, ಹಿಂದಿನಿಂದ ಎಡಕ್ಕೆ ನಿಂತು ತೆಗೆದದ್ದು. ನಾಳೆ ಸ್ಕ್ಯಾನ್ ಮಾಡಿ ಹಾಕುತ್ತೇನೆ.

ಟೈಪ್ 59 ಕಿಟ್ ಹುಡುಕುತ್ತಿದ್ದೇನೆ. ಪಕ್ಕದಲ್ಲಿ ಮೂವರು ಜವಾನರು ಮತ್ತು ಆಗುವುದಾದರೆ ಅಜ್ಜನ ಟ್ಯಾಂಕರ್ ಲಾರಿಯ ಮೂತಿ. ಶಕ್ತಿಮಾನ್ ಲಾರಿ 1/35ರಲ್ಲಿ ಯಾರಾದರೂ ಮಾಡಿದ್ದೀರಾ?

ಮಣಿಪಾಲ_ಮಿಮೀ · ಜುಲೈ 21, ರಾತ್ರಿ 9:12

ಲಾರಿ ಆಮೇಲೆ ನೋಡುವ. ಆ ಎರಡನೇ ಫೋಟೋದಲ್ಲಿ ಎಡಗಡೆಯ ಚಕ್ರಗಳ ನಡುವಿನ ಸಂದು ಹೇಗಿದೆ?

ಕಾವೂರು_35 · ಜುಲೈ 21, ರಾತ್ರಿ 9:20

ಈಗ ಭೂತಗನ್ನಡಿ ಹಿಡಿದು ನೋಡಿದೆ. ಹಿಂದಿನ ಮೂರು ಚಕ್ರ ಕಾಣುತ್ತದೆ, ಒಂದಕ್ಕೊಂದು ತಾಗುವ ಹಾಗೆ ಹತ್ತಿರ ಇವೆ. ಸುತ್ತಲೂ ಕಪ್ಪು ಪಟ್ಟಿ ಇದೆ.

ಹಂಪನಕಟ್ಟೆ_ಹಿರಿಯ · ಜುಲೈ 21, ರಾತ್ರಿ 9:31

ಹಾಗಾದರೆ ಎಡಕ್ಕೆ ರಬ್ಬರ್ ಉಳಿದಿದೆ, ಬಲಮಗ್ಗುಲು ಮಾತ್ರ ಉರಿದದ್ದು. ಒಂದೊಂದು ಚಕ್ರಕ್ಕೆ ಎರಡೆರಡು ಡಿಸ್ಕ್, ಒಟ್ಟು ಇಪ್ಪತ್ತು. ಬಲಗಡೆಯ ಹತ್ತನ್ನು ಮಾತ್ರ ಉಜ್ಜಿ, ಎಡಗಡೆಯದ್ದನ್ನು ಮುಟ್ಟಬೇಡಿ. ಕಿಟ್ ಬಂದ ಕೂಡಲೇ ಆ ಹತ್ತನ್ನು ಬೇರೆ ಡಬ್ಬಿಗೆ ಹಾಕಿ ಇಡಿ, ಕಟಪಾಡಿ ಅಕ್ಕನ ಡ್ರಿಲ್ ಹಿಡಿದು ಕೂತರೆ ಎಲ್ಲಿ ನಿಲ್ಲಿಸಬೇಕು ಅಂತ ನೆನಪಾಗುವುದಿಲ್ಲ.